ಅಪಾರ್ಟ್‌ಮೆಂಟಿನಲ್ಲಿ ಟ್ಯೂಬ್ ಆ್ಯಂಪ್: ಸದ್ದು ತಗ್ಗಿಸಿ, ಟೋನ್ ಉಳಿಸಿಕೊಳ್ಳುವ ಬಗೆ

ಗಿಟಾರಿನ ಟ್ಯೂಬ್ ಆ್ಯಂಪಿನ (ಗಾಜಿನ ನಿರ್ವಾತ ಟ್ಯೂಬುಗಳಿಂದ ಸದ್ದು ಹಿಗ್ಗಿಸುವ ಆ್ಯಂಪ್ಲಿಫೈಯರಿನ) ವಾಲ್ಯೂಮ್ ಆರರಲ್ಲಿದ್ದಾಗ ಬರುವ ನಾದಕ್ಕೂ ಒಂದರಲ್ಲಿದ್ದಾಗ ಬರುವ ನಾದಕ್ಕೂ ಅಜಗಜಾಂತರ. ಒಂದರಲ್ಲಿ ಅದು ತೆಳ್ಳಗೆ, ಬಿಗಿಯಾಗಿ, ಬೆರಳಿನ ಒತ್ತಡಕ್ಕೆ ಸ್ಪಂದಿಸದಂತೆ ಕೇಳುತ್ತದೆ. ಆರರಲ್ಲಿ ಅದೇ ಆ್ಯಂಪ್ ತುಂಬಿಕೊಂಡು ಹಾಡುತ್ತದೆ, ಆದರೆ ಆ ಸದ್ದಿನಲ್ಲಿ ಅಕ್ಕಪಕ್ಕದ ಮನೆಯವರು ನೆಮ್ಮದಿಯಾಗಿರಲು ಸಾಧ್ಯವಿಲ್ಲ. ಇದಕ್ಕೆ ಪರಿಹಾರ ಹುಡುಕುವಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಿಮಗೆ ಬೇಕಾದ ಡಿಸ್ಟಾರ್ಷನ್ (ಸಿಗ್ನಲ್ ಮಿತಿ ಮೀರಿ ಒಡೆದಾಗ ಬರುವ ನಾದ) ಆ್ಯಂಪಿನ ಯಾವ ಹಂತದಲ್ಲಿ ಹುಟ್ಟುತ್ತಿದೆ, ಸದ್ದನ್ನು ನೀವು ಯಾವ ಹಂತದಲ್ಲಿ ತಗ್ಗಿಸುತ್ತಿದ್ದೀರಿ? ಹುಟ್ಟಿದ ಮೇಲೆ ತಗ್ಗಿಸಿದರೆ ಟೋನ್ ಉಳಿಯುತ್ತದೆ. ಹುಟ್ಟುವ ಮೊದಲೇ ತಗ್ಗಿಸಿದರೆ ಟೋನ್ ಹುಟ್ಟುವುದೇ ಇಲ್ಲ. ಮುಂದೆ ಬರುವ ಎಲ್ಲ ಉಪಾಯಗಳನ್ನೂ ಈ ಕಣ್ಣಿನಿಂದಲೇ ನೋಡಿ.

ವ್ಯಾಟ್ ಕಡಿಮೆ ಮಾಡಿದರೆ ಸಾಕೇ?

ಸಾಲದು. ಗಿಟಾರ್ ಸ್ಪೀಕರುಗಳು ಬಹಳ ಚುರುಕು. 12 ಇಂಚಿನ ಸಾಮಾನ್ಯ ಸ್ಪೀಕರಿಗೆ 1 ವ್ಯಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 97ರಿಂದ 100 ಡೆಸಿಬೆಲ್ ಸದ್ದು ಬರುತ್ತದೆ. ಸೆಲೆಸ್ಟಿಯನ್ ಗ್ರೀನ್‌ಬ್ಯಾಕ್ 98, ಅದೇ ಕಂಪನಿಯ ವಿಂಟೇಜ್ 30 ಭರ್ತಿ 100. ಇಬ್ಬರು ಎದುರುಬದುರು ಕೂತು ಮಾತಾಡುವ ಸದ್ದು ಸುಮಾರು 60.

ಶಕ್ತಿ ಅರ್ಧವಾದರೆ ಸದ್ದು ಇಳಿಯುವುದು 3 ಡೆಸಿಬೆಲ್ ಮಾತ್ರ. ಹತ್ತನೇ ಒಂದು ಭಾಗಕ್ಕೆ ಇಳಿದರೆ 10 ಡೆಸಿಬೆಲ್, ಅಂದರೆ ಕಿವಿಗೆ ಸುಮಾರು ಅರ್ಧದಷ್ಟು ಕಡಿಮೆ ಅನಿಸುತ್ತದೆ. 50 ವ್ಯಾಟಿನ ಆ್ಯಂಪ್ ಮಾರಿ 5 ವ್ಯಾಟಿನದು ತಂದರೆ ದಕ್ಕುವ ಲಾಭ ಇಷ್ಟೇ. 15 ವ್ಯಾಟಿನ ಆ್ಯಂಪನ್ನು ಪೂರ್ತಿ ತಿರುಗಿಸಿ 97 ಡೆಸಿಬೆಲ್ ಸ್ಪೀಕರಿಗೆ ಕೊಟ್ಟರೆ 1 ಮೀಟರಿನಲ್ಲಿ ಸುಮಾರು 109 ಡೆಸಿಬೆಲ್. ಅದನ್ನು 75ಕ್ಕೆ ತರಬೇಕಾದರೆ 34 ಡೆಸಿಬೆಲ್ ಇಳಿಸಬೇಕು. ಆಗ ಸ್ಪೀಕರಿಗೆ ತಲುಪುವುದು ಬರೀ 6 ಮಿಲಿವ್ಯಾಟ್. 1 ವ್ಯಾಟಿನ ಆ್ಯಂಪಿನಲ್ಲೂ 22 ಡೆಸಿಬೆಲ್ ಇಳಿಸುವ ಕೆಲಸ ಉಳಿದೇ ಇರುತ್ತದೆ. ಪುಟ್ಟ ಆ್ಯಂಪ್ ಕೊಂಡರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯನ್ನು ಈ ಲೆಕ್ಕ ನೋಡಿದ ಮೇಲೆ ಬಿಡಬಹುದು.

ಹಗಲಿನ ಅಭ್ಯಾಸಕ್ಕೆ 70ರಿಂದ 75 ಡೆಸಿಬೆಲ್ ಒಳ್ಳೆಯ ಗುರಿ. ಫೋನಿನ ಸದ್ದಳತೆಯ ಆ್ಯಪ್ ಸಾಕು, ಆದರೆ ಅದನ್ನು ಎ ತೂಕದಲ್ಲಿ (ಬೇಸನ್ನು ಕಡಿಮೆ ಲೆಕ್ಕ ಹಿಡಿಯುವ ಅಳತೆಯ ಬಗೆ, ಆ್ಯಪಿನಲ್ಲಿ dBA) ಇಟ್ಟು ಮೋಸಹೋಗಬೇಡಿ. ಎ ತೂಕ 100 ಹರ್ಟ್ಸ್‌ನಲ್ಲಿ ಸುಮಾರು 19 ಡೆಸಿಬೆಲ್ ಕಡಿಮೆ ತೋರಿಸುತ್ತದೆ. ಗಿಟಾರಿನ ದಪ್ಪ ಇ ತಂತಿ 82 ಹರ್ಟ್ಸ್. ಗೋಡೆ, ನೆಲ ದಾಟಿ ಪಕ್ಕದ ಮನೆಗೆ ಹೋಗುವುದು ಮುಖ್ಯವಾಗಿ ಈ ಕೆಳಸ್ತರದ ಸದ್ದೇ. ಆ್ಯಪಿನಲ್ಲಿ ಬೇಸನ್ನು ಹೆಚ್ಚುಕಡಿಮೆ ಪೂರ್ತಿ ಎಣಿಸುವ ಸಿ ತೂಕ (dBC) ಇದ್ದರೆ ಅದನ್ನು ಆಯ್ದುಕೊಳ್ಳಿ. ಎ ಮತ್ತು ಸಿ ಅಂಕಿಗಳ ನಡುವೆ 10ಕ್ಕಿಂತ ಹೆಚ್ಚು ಅಂತರ ಕಂಡರೆ ಬೇಸ್ ಜಾಸ್ತಿಯಾಗಿದೆ ಎಂದೇ ತಿಳಿಯಿರಿ.

ನಿಮ್ಮ ಆ್ಯಂಪ್ ಎಲ್ಲಿ ಒಡೆಯುತ್ತದೆ?

ಡಿಸ್ಟಾರ್ಷನ್ ಮೂರು ಕಡೆ ಹುಟ್ಟಬಹುದು: ಸಣ್ಣ ಟ್ಯೂಬುಗಳ ಪ್ರೀಆ್ಯಂಪ್, ಫೇಸ್ ಇನ್ವರ್ಟರ್ (ಪವರ್ ಟ್ಯೂಬುಗಳಿಗೆ ಸಿಗ್ನಲ್ಲನ್ನು ಎರಡಾಗಿ ಸೀಳಿ ಕೊಡುವ ಹಂತ) ಮತ್ತು ದೊಡ್ಡ ಟ್ಯೂಬುಗಳಿರುವ ಪವರ್ ಆ್ಯಂಪ್, ಕೊನೆಗೆ ಸ್ಪೀಕರಿನ ಕೋನ್. ಮೂರನೆಯದು ಜೋರು ಸದ್ದಿಲ್ಲದೆ ಆಗುವುದೇ ಇಲ್ಲ, ಅದರ ಆಸೆ ಬಿಡಬೇಕು. ಮೊದಲೆರಡರಲ್ಲಿ ನಿಮ್ಮ ಆ್ಯಂಪ್ ಯಾವುದನ್ನು ನೆಚ್ಚಿಕೊಂಡಿದೆ ಎಂದು ಪತ್ತೆಮಾಡಿ.

ಗೇನ್, ಮಾಸ್ಟರ್ ಎಂದು ಎರಡು ಗುಂಡಿಗಳಿದ್ದರೆ ಮಾಸ್ಟರ್ ಅನ್ನು ತೀರಾ ಕೆಳಗಿಟ್ಟು ಗೇನ್ ಏರಿಸಿ. ಆಗ ಕೇಳುವ ಡಿಸ್ಟಾರ್ಷನ್ ಪೂರ್ತಿ ಪ್ರೀಆ್ಯಂಪಿನದು. ಅದೇ ನಿಮಗೆ ಇಷ್ಟವಾದರೆ ಕೆಲಸ ಅರ್ಧ ಮುಗಿದಂತೆ. ಸೆಟ್ಟಿಂಗ್, ಜಾಗ, ಲೂಪಿನ ವಾಲ್ಯೂಮ್ ಇಷ್ಟರಲ್ಲೇ ದಾರಿ ಸಿಗುತ್ತದೆ. ಹೆವಿ ಮೆಟಲ್ ಬಗೆಯ ಹೈ ಗೇನ್ ಆ್ಯಂಪುಗಳು ಬಹುಪಾಲು ಇಲ್ಲಿ ಬರುತ್ತವೆ. ಮಾಸ್ಟರ್ ಗುಂಡಿ ಇಲ್ಲದ ಹಳೆಯ ವಿನ್ಯಾಸಗಳು, ಅಂದರೆ ಟ್ವೀಡ್ ಕಾಲದ ಫೆಂಡರ್, ಮಾರ್ಷಲ್ ಪ್ಲೆಕ್ಸಿ ಮಾದರಿಯವು, ತಮ್ಮ ನಾದಕ್ಕೆ ಪವರ್ ಆ್ಯಂಪನ್ನೇ ನಂಬಿರುತ್ತವೆ. ಅವುಗಳಿಗೆ, ಮುಂದೆ ವಿವರಿಸಿರುವ ಅಟೆನ್ಯುಯೇಟರ್ ಅಥವಾ ಲೋಡ್ ಬಾಕ್ಸ್ ಬಿಟ್ಟರೆ ನಿಜವಾದ ಪರಿಹಾರವಿಲ್ಲ. ನಿಮಗೆ ಬೇಕಿರುವುದು ಶುದ್ಧ ಕ್ಲೀನ್ ಟೋನ್ ಮಾತ್ರವಾದರೆ ಯಾವ ಪೆಟ್ಟಿಗೆಯನ್ನೂ ಕೊಳ್ಳಬೇಡಿ. ಮುಂದಿನ ಎರಡು ಭಾಗ ಸಾಕು.

ಕಾಸಿಲ್ಲದೆ ಆಗುವ ಕೆಲಸಗಳು

ಮೊದಲು ಕಿವಿಯ ಸ್ವಭಾವ ತಿಳಿದಿರಲಿ. ಸದ್ದು ಕಡಿಮೆಯಾದಂತೆ ನಮ್ಮ ಕಿವಿ ಬೇಸನ್ನೂ, ಒಂದಿಷ್ಟು ಮಟ್ಟಿಗೆ ಮೇಲಿನ ಟ್ರೆಬಲನ್ನೂ ಕಡಿಮೆ ಗ್ರಹಿಸುತ್ತದೆ. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ಜೋರಾಗಿದ್ದಾಗ ಹೊಂದಿಸಿದ ಗುಂಡಿಗಳನ್ನು ಹಾಗೇ ಬಿಟ್ಟು ಸದ್ದು ಮಾತ್ರ ಇಳಿಸಿದರೆ, ಆ್ಯಂಪ್ ಏನೂ ಬದಲಾಗದಿದ್ದರೂ ಟೋನ್ ಸೊರಗಿದಂತೆ ಕೇಳುತ್ತದೆ. ನುಡಿಸುವ ಸದ್ದಿನಲ್ಲೇ ಕೂತು ಇಕ್ಯೂ (ಬೇಸ್, ಮಿಡ್, ಟ್ರೆಬಲ್ ಗುಂಡಿಗಳು) ಹೊಂದಿಸಬೇಕು.

ಎಲ್ಲ ಟೋನ್ ಗುಂಡಿಗಳನ್ನು ನಡುವಿಗೆ ತಂದು ಶುರುಮಾಡಿ. ಮಾಸ್ಟರ್ ಅನ್ನು ಸ್ಪೀಕರ್ ಉಸಿರೆತ್ತುವಷ್ಟು ಮಾತ್ರ ಏರಿಸಿ. ಗೇನ್ ಅನ್ನು, ಮೆಲ್ಲಗೆ ಮೀಟಿದರೆ ಸ್ವಚ್ಛ, ಗಟ್ಟಿಯಾಗಿ ಮೀಟಿದರೆ ಒಡೆಯುವ ಹಂತಕ್ಕೆ ತನ್ನಿ. ಈಗ ಮಿಡ್ ಅನ್ನು ಒಂದು ಅಂಕಿ ಇಳಿಸಿ ಬೇಸನ್ನು ಒಂದು ಅಂಕಿ ಏರಿಸಿ ನೋಡಿ. ಹೆಚ್ಚಿನ ಆ್ಯಂಪುಗಳ ಟೋನ್ ಸ್ಟ್ಯಾಕಿನಲ್ಲಿ (ಟೋನ್ ಗುಂಡಿಗಳ ಸರ್ಕ್ಯೂಟಿನಲ್ಲಿ) ಮಿಡ್ ಇಳಿಸಿದರೆ ಒಟ್ಟು ಸದ್ದೂ ಇಳಿಯುತ್ತದೆ, ಅದೊಂದು ಹೆಚ್ಚುವರಿ ಲಾಭ. ಕೊನೆಗೆ ಮೇಲುಸ್ತರದ ಹೊಳಪು ಹೊಂದಿಸುವ ಪ್ರೆಸೆನ್ಸ್ ಗುಂಡಿಯನ್ನು ಮೆಲ್ಲಗೆ ಏರಿಸಿ, ಕಿರುಚುವ ಅಂಚು ಕಂಡಕೂಡಲೇ ಅಲ್ಲಿಂದ ತುಸು ಹಿಂದೆ ಬನ್ನಿ. ಬೇಸನ್ನು ಮನಸ್ಸಿಗೆ ತೃಪ್ತಿಯಾಗುವಷ್ಟು ಏರಿಸುವ ಆಸೆ ಬರುತ್ತದೆ. ಆ ತೃಪ್ತಿಯ ಬೆಲೆಯನ್ನು ಕೆಳಗಿನ ಮಹಡಿಯವರು ತೆರುತ್ತಾರೆ, ಒಂದು ಅಂಕಿಗೇ ನಿಲ್ಲಿಸಿ.

ಆ್ಯಂಪಿನಲ್ಲಿ ಎರಡು ಇನ್‌ಪುಟ್ ಜ್ಯಾಕುಗಳಿದ್ದರೆ ಎರಡನೆಯದನ್ನು ಪ್ರಯತ್ನಿಸಿ. ಫೆಂಡರ್ ಬಗೆಯ ಆ್ಯಂಪುಗಳಲ್ಲಿ ಅದು 6 ಡೆಸಿಬೆಲ್ ಕಡಿಮೆ. ವಾಲ್ಯೂಮ್ ಗುಂಡಿ ಸೊನ್ನೆಯಿಂದ ಒಂದಕ್ಕೆ ಹೋಗುವಷ್ಟರಲ್ಲೇ ಸದ್ದು ಹಾರಿಬಿಡುವ ಆ್ಯಂಪುಗಳಲ್ಲಿ ಇದರಿಂದ ಹಿಡಿತ ಸಿಗುತ್ತದೆ.

ಜಾಗದ ವಿಷಯಕ್ಕೆ ಬಂದರೆ, ಸ್ಪೀಕರಿನ ಮೇಲುಸ್ತರದ ಧ್ವನಿ ನೇರ ರೇಖೆಯಲ್ಲಿ ಹೊರಡುತ್ತದೆ. ಆ್ಯಂಪ್ ಕಾಲ ಬಳಿ ಇದ್ದರೆ ಅದು ಮೊಣಕಾಲಿಗೆ ಬಡಿಯುತ್ತದೆ, ನಿಮಗೆ ಮಂಕು ಕೇಳುತ್ತದೆ, ನೀವು ವಾಲ್ಯೂಮ್ ಏರಿಸುತ್ತೀರಿ. ಅದನ್ನು ಎತ್ತರದಲ್ಲಿಟ್ಟು ಅಥವಾ ಹಿಂದಕ್ಕೆ ಬಾಗಿಸಿ ಕಿವಿಯತ್ತ ತಿರುಗಿಸಿ, 1ರಿಂದ 1.5 ಮೀಟರ್ ದೂರದಲ್ಲಿ ಕೂರಿ. ಹತ್ತಿರ ಕೂತಷ್ಟೂ ಕಡಿಮೆ ಸದ್ದು ಸಾಕು. ಇನ್ನೊಂದು ಕಾರಣವೂ ಇದೆ: 65 ಡೆಸಿಬೆಲ್ ಹತ್ತಿರಕ್ಕೆ ಬಂದಾಗ ತಂತಿಯ ಮೇಲೆ ಪಿಕ್ ತಾಗುವ ಬರಿಯ ಸದ್ದೇ ಆ್ಯಂಪಿನ ಧ್ವನಿಯೊಡನೆ ಬೆರೆತು ಕೇಳತೊಡಗುತ್ತದೆ. ಆಗ ಟೋನ್ ಚುಚ್ಚಿದಂತೆ ಅನಿಸಿದರೆ ತಪ್ಪು ಆ್ಯಂಪಿನದಲ್ಲ.

ನೆಲ ಮತ್ತು ಗೋಡೆ

ಆ್ಯಂಪನ್ನು ನೆಲದ ಮೇಲೆ ನೇರ ಇಟ್ಟರೆ ಕ್ಯಾಬಿನೆಟ್ಟಿನ ಕಂಪನ ಕಟ್ಟಡದ ಮೈಗೇ ಇಳಿಯುತ್ತದೆ. ಕಟ್ಟಡದ ಮೂಲಕ ಹರಡುವ ಈ ಕಂಪನ ಗಾಳಿಯಲ್ಲಿ ಬರುವ ಸದ್ದಿಗಿಂತ ದೂರ ಹೋಗುತ್ತದೆ. ರಬ್ಬರ್ ಪಾದಗಳಿರುವ ಸ್ಟ್ಯಾಂಡ್, ಅಥವಾ ಆ್ಯಂಪಿನ ತೂಕಕ್ಕೆ ಪೂರ್ತಿ ಚಪ್ಪಟೆಯಾಗದಷ್ಟು ಗಟ್ಟಿಯಾದ 5 ಸೆಂಟಿಮೀಟರ್ ದಪ್ಪದ ಫೋಮ್ ಸಾಕು. ಮೆತ್ತನೆಯ ಹಾಸಿಗೆ ಫೋಮ್ ಕುಸಿದು ಗಟ್ಟಿಯಾಗುತ್ತದೆ, ಏನೂ ತಡೆಯುವುದಿಲ್ಲ. ಮೂಲೆಯಿಂದ ಆ್ಯಂಪನ್ನು ಹೊರಗೆಳೆಯಿರಿ. ಮೂಲೆ ಬೇಸನ್ನು ಹಿಗ್ಗಿಸುತ್ತದೆ. ಹಿಂಬದಿ ತೆರೆದ ಕ್ಯಾಬಿನೆಟ್ ಆದರೆ ಪಕ್ಕದ ಮನೆಗೆ ಅಂಟಿದ ಗೋಡೆಗೆ ಬೆನ್ನು ಮಾಡಬೇಡಿ, ಸದ್ದಿನ ಗಣನೀಯ ಭಾಗ ಹಿಂದಿನಿಂದಲೇ ಹೊರಡುತ್ತದೆ.

ಗೋಡೆಗೆ ಅಂಟಿಸುವ ತೆಳು ಫೋಮ್ ಹಾಳೆಗಳಿಗೆ ದುಡ್ಡು ಸುರಿಯಬೇಡಿ. ಅವು ಕೋಣೆಯೊಳಗಿನ ಮಾರ್ದನಿ ತಗ್ಗಿಸುತ್ತವೆಯೇ ಹೊರತು ಸದ್ದು ಆಚೆ ಹೋಗುವುದನ್ನು ತಡೆಯುವುದಿಲ್ಲ. ಸದ್ದು ತಡೆಯುವುದು ತೂಕ ಮತ್ತು ಬಿರುಕಿಲ್ಲದ ಮುಚ್ಚುಗೆ; ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿದರೆ ಅದಕ್ಕಿಂತ ಹೆಚ್ಚು ಪ್ರಯೋಜನ.

ಓವರ್‌ಡ್ರೈವ್ ಪೆಡಲ್

ಕ್ಲೀನ್ ಆಗಿ ನಿಂತ ಆ್ಯಂಪಿನ ಮುಂದೆ ಓವರ್‌ಡ್ರೈವ್ ಇಟ್ಟು ಅದರಲ್ಲೇ ಡಿಸ್ಟಾರ್ಷನ್ ಹುಟ್ಟಿಸುವುದು ಸುಲಭದ ದಾರಿ. ಟ್ಯೂಬ್ ಸ್ಕ್ರೀಮರ್ ಮಾದರಿಯದು ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದನ್ನು ಕಡಿಮೆ ಒಡೆಯುತ್ತದೆ, ಹಾಗಾಗಿ ಮಿಡ್ ಮುಂದೆ ಬರುತ್ತದೆ, ಬೇಸ್ ಬಿಗಿಯಾಗುತ್ತದೆ. ಆ್ಯಂಪ್ ಆಗಲೇ ಪ್ರೀಆ್ಯಂಪಿನಲ್ಲಿ ಒಡೆಯುತ್ತಿದ್ದರೆ ಪೆಡಲಿನ ಡ್ರೈವ್ ಕೆಳಗೆ, ಲೆವೆಲ್ ಮೇಲೆ ಇಡಿ: ಪೆಡಲ್ ತಾನು ಒಡೆಯದೆ ಮೊದಲ ಟ್ಯೂಬನ್ನು ತಳ್ಳುತ್ತದೆ. ಆ್ಯಂಪ್ ಪೂರ್ತಿ ಕ್ಲೀನ್ ಆಗಿದ್ದರೆ ಇದಕ್ಕೆ ತಿರುಗುಮುರುಗು, ಡ್ರೈವ್ ಮೇಲೆ, ಲೆವೆಲ್ ಕೆಳಗೆ. ಲೆವೆಲ್ ಏರಿಸಿದರೆ ಸದ್ದು ಮಾತ್ರ ಹೆಚ್ಚುತ್ತದೆ.

ಜೋರು ಸದ್ದಿನಲ್ಲಿ ಸ್ಪೀಕರಿನ ಗಾಳಿ ತಂತಿಯನ್ನು ಮತ್ತೆ ಕಂಪಿಸುವಂತೆ ಮಾಡಿ ಸಸ್ಟೇನ್ (ಸ್ವರ ಉಳಿಯುವ ಅವಧಿ) ಹೆಚ್ಚಿಸುತ್ತದೆ. ಮೆಲ್ಲನೆಯ ಸದ್ದಿನಲ್ಲಿ ಅದಿಲ್ಲ. ಈ ಕೊರತೆಯನ್ನು ಗೇನ್ ತುಂಬಿ ನೀಗಿಸಲು ಹೋದರೆ ಸ್ವರಗಳು ಕಲಸುತ್ತವೆ, ಗುಯ್ಯೆನ್ನುವ ಶಬ್ದ ಏರುತ್ತದೆ. 2:1ರಿಂದ 3:1 ಅನುಪಾತದ ಸೌಮ್ಯ ಕಂಪ್ರೆಸರ್ (ಜೋರು, ಮೆಲು ಸದ್ದಿನ ಅಂತರ ತಗ್ಗಿಸುವ ಪೆಡಲ್), ಜೊತೆಗೆ ಒಂದು ಸೆಕೆಂಡಿನೊಳಗೆ ಆರುವ ಸಣ್ಣ ರೂಮ್ ರಿವರ್ಬ್ ಹೆಚ್ಚು ಚೆನ್ನ. ರಿವರ್ಬ್ ಕೇಳಿಸಬಾರದು, ತೆಗೆದಾಗ ಕೊರತೆ ಅನಿಸಬೇಕು, ಅಷ್ಟೇ ಪ್ರಮಾಣ.

ಲೂಪಿನಲ್ಲೊಂದು ವಾಲ್ಯೂಮ್ ಪೆಟ್ಟಿಗೆ

ಎಫೆಕ್ಟ್ಸ್ ಲೂಪ್ (ಪ್ರೀಆ್ಯಂಪಿಗೂ ಪವರ್ ಆ್ಯಂಪಿಗೂ ನಡುವೆ ಪೆಡಲ್ ಜೋಡಿಸಲು ಇರುವ ಸೆಂಡ್, ರಿಟರ್ನ್ ಜ್ಯಾಕುಗಳು) ಇರುವ ಆ್ಯಂಪುಗಳಿಗೆ ಇದಕ್ಕಿಂತ ಅಗ್ಗದ, ಪರಿಣಾಮಕಾರಿಯಾದ ಸಾಧನ ಇನ್ನೊಂದಿಲ್ಲ. ಮಾಸ್ಟರ್ ಗುಂಡಿ ಅರ್ಧ ಅಂಕಿಯಲ್ಲೇ ಅಬ್ಬರಿಸುವ ಆ್ಯಂಪಿಗೆ ಇದು ಎರಡನೇ ಮಾಸ್ಟರ್. ಇದನ್ನು ಇಳಿಸಿಟ್ಟರೆ ಮಾಸ್ಟರ್ ಅನ್ನು ನಾಲ್ಕೈದರವರೆಗೆ ಒಯ್ಯಬಹುದು, ಸೂಕ್ಷ್ಮವಾಗಿ ಹೊಂದಿಸಬಹುದು. ಒಂದು ಮಾತು ಸ್ಪಷ್ಟವಿರಲಿ: ಇದು ಪ್ರೀಆ್ಯಂಪಿನ ಟೋನನ್ನು ಮಾತ್ರ ಉಳಿಸುತ್ತದೆ. ಪವರ್ ಟ್ಯೂಬುಗಳಿಗೆ ಹೋಗುವ ಸಿಗ್ನಲ್ಲನ್ನೇ ಇದು ಕಡಿಮೆ ಮಾಡುವುದರಿಂದ ಅವು ಒಡೆಯುವುದಿಲ್ಲ.

ಬೇಕಾದದ್ದು: 100 ಕಿಲೋ ಓಮಿನ ಲಾಗ್ ಪಾಟ್ (ವಾಲ್ಯೂಮ್ ಗುಂಡಿಗೆ ಬಳಸುವ ಪೊಟೆನ್ಶಿಯೋಮೀಟರ್) ಒಂದು, 6.35 ಮಿಲಿಮೀಟರಿನ ಮೋನೋ ಜ್ಯಾಕ್ ಎರಡು, ಚಿಕ್ಕ ಲೋಹದ ಡಬ್ಬಿ, ಗುಂಡಿ, ಒಂದು ಗೇಣು ತಂತಿ. ಬ್ಯಾಟರಿ ಬೇಡ. ಪಾಟಿನ ದಂಡ ನಿಮ್ಮ ಕಡೆಗೆ, ಕಾಲುಗಳು ಕೆಳಕ್ಕೆ ಇರುವಂತೆ ಹಿಡಿದರೆ ಎಡದಿಂದ ಬಲಕ್ಕೆ ಕಾಲುಗಳು 1, 2, 3. ಸೆಂಡ್‌ನಿಂದ ಬರುವ ಜ್ಯಾಕಿನ ತುದಿಯನ್ನು 3ಕ್ಕೆ, ರಿಟರ್ನ್‌ಗೆ ಹೋಗುವ ಜ್ಯಾಕಿನ ತುದಿಯನ್ನು 2ಕ್ಕೆ ಬೆಸುಗೆ ಹಾಕಿ. 1ನೇ ಕಾಲು, ಎರಡೂ ಜ್ಯಾಕುಗಳ ಗ್ರೌಂಡ್, ಡಬ್ಬಿ ಇಷ್ಟನ್ನೂ ಒಟ್ಟಿಗೆ ಸೇರಿಸಿ.

ಗುಂಡಿ ತಿರುಗುಮುರುಗಾಗಿ ಕೆಲಸ ಮಾಡಿದರೆ 1 ಮತ್ತು 3 ಅದಲುಬದಲಾಗಿವೆ. ಪೂರ್ತಿ ಇಳಿಸಿದರೂ ಸದ್ದು ನಿಲ್ಲದಿದ್ದರೆ 1ನೇ ಕಾಲಿಗೆ ಗ್ರೌಂಡ್ ಸಿಕ್ಕಿಲ್ಲ. ಬೆಸುಗೆ ಸರಿಯಿದ್ದೂ ನಿಲ್ಲದಿದ್ದರೆ ಅದು ಪ್ಯಾರಲಲ್ ಲೂಪ್ (ಸಿಗ್ನಲ್ಲಿನ ಒಂದು ಭಾಗವನ್ನು ಮಾತ್ರ ಲೂಪಿಗೆ ಕಳಿಸುವಂಥದ್ದು) ಆಗಿರಬಹುದು. ಅದರ ಮಿಕ್ಸ್ ಅನ್ನು ನೂರಕ್ಕೆ ಇಡಿ, ಆಗಲೂ ಆಗದಿದ್ದರೆ ಈ ಪೆಟ್ಟಿಗೆ ಆ ಆ್ಯಂಪಿಗಲ್ಲ. ಟ್ರೆಬಲ್ ಮಂಕಾದರೆ ಕೇಬಲ್ ಉದ್ದವಾಗಿದೆ ಎಂದರ್ಥ, ಪೆಟ್ಟಿಗೆಯಿಂದ ರಿಟರ್ನ್‌ಗೆ 1 ಮೀಟರ್ ದಾಟದಿರಲಿ. 250 ಅಥವಾ 500 ಕಿಲೋ ಓಮ್ ಪಾಟ್ ಹಾಕಿದಾಗ ಈ ತೊಂದರೆ ಹೆಚ್ಚು.

ಪ್ರೀಆ್ಯಂಪ್ ಟ್ಯೂಬ್ ಬದಲಿಸುವುದು

ಪ್ರೀಆ್ಯಂಪಿನಲ್ಲಿ ಸಾಮಾನ್ಯವಾಗಿರುವ 12ಎಎಕ್ಸ್7 ಟ್ಯೂಬಿನ ವರ್ಧನಾಂಕ 100. ಅದೇ ಸಾಕೆಟ್ಟಿನಲ್ಲಿ ಕೂರುವ 5751ರದು 70, 12ಎಟಿ7ರದು 60, 12ಎವೈ7ರದು 45, 12ಎಯು7ರದು 20ರ ಆಸುಪಾಸು. ಇನ್‌ಪುಟ್ ಜ್ಯಾಕಿಗೆ ಹತ್ತಿರದ ಮೊದಲ ಟ್ಯೂಬಿನ ಜಾಗಕ್ಕೆ 5751 ಅಥವಾ 12ಎವೈ7 ಹಾಕಿದರೆ ವಾಲ್ಯೂಮ್ ಗುಂಡಿಯ ಆರಂಭದ ಹಾರಿಕೆ ಶಾಂತವಾಗುತ್ತದೆ. 12ಎವೈ7 ಅಪರೂಪದ ಪ್ರಯೋಗವೇನಲ್ಲ, ಫೆಂಡರಿನ ಟ್ವೀಡ್ ಡಿಲಕ್ಸ್ 5ಇ3ರಲ್ಲಿ ಮೊದಲ ಜಾಗದಲ್ಲಿದ್ದದ್ದೇ ಅದು. ಹೈ ಗೇನ್ ಆ್ಯಂಪಿನಲ್ಲಿ ಇದನ್ನು ಮಾಡಬೇಡಿ, ಅದರ ಡಿಸ್ಟಾರ್ಷನ್ನೇ ಸೊರಗುತ್ತದೆ. ಒಟ್ಟಾರೆ ಇದು ಗುಂಡಿಯ ಹಿಡಿತ ಹೆಚ್ಚಿಸುವ ಉಪಾಯವೇ ಹೊರತು ಪೂರ್ತಿ ತಿರುಗಿಸಿದ ಆ್ಯಂಪಿನ ಸದ್ದನ್ನು ಇಳಿಸುವುದಲ್ಲ.

ಆ್ಯಂಪ್ ಆಫ್ ಮಾಡಿ, ಪ್ಲಗ್ ಕಿತ್ತು, 20 ನಿಮಿಷ ತಣಿಯಲು ಬಿಟ್ಟು, ಟ್ಯೂಬನ್ನು ಮೆಲ್ಲಗೆ ಅಲುಗಿಸುತ್ತ ನೇರ ಮೇಲಕ್ಕೆ ಎಳೆಯಿರಿ. ಒಂಬತ್ತು ಪಿನ್ನುಗಳ ನಡುವಿನ ಖಾಲಿ ಜಾಗವನ್ನು ಸಾಕೆಟ್ಟಿನದಕ್ಕೆ ಹೊಂದಿಸಿಯೇ ಹೊಸದನ್ನು ಒತ್ತಿ. ಚಾಸಿಯೊಳಗೆ ಕೈ ಹಾಕುವ ಯಾವ ಕೆಲಸವನ್ನೂ, ಫೇಸ್ ಇನ್ವರ್ಟರ್ ನಂತರದ ಮಾಸ್ಟರ್ ವಾಲ್ಯೂಮ್ ಅಳವಡಿಕೆಯನ್ನೂ ಸೇರಿಸಿ, ತಂತ್ರಜ್ಞರಿಗೇ ಬಿಡಿ. ಒಳಗಿನ ಕೆಪಾಸಿಟರುಗಳಲ್ಲಿ ಪ್ಲಗ್ ಕಿತ್ತ ಮೇಲೂ 400 ವೋಲ್ಟಿಗಿಂತ ಹೆಚ್ಚು ನಿಂತಿರಬಹುದು, ಅದು ಪ್ರಾಣ ತೆಗೆಯುವಷ್ಟು.

ಅಟೆನ್ಯುಯೇಟರ್: ಪವರ್ ಟ್ಯೂಬುಗಳ ನಾದ ಬೇಕಾದವರಿಗೆ

ಆ್ಯಂಪಿಗೂ ಸ್ಪೀಕರಿಗೂ ನಡುವೆ ಕೂತು ಶಕ್ತಿಯ ಬಹುಪಾಲನ್ನು ಶಾಖವಾಗಿ ಕರಗಿಸುವ ಪೆಟ್ಟಿಗೆ ಇದು. ಪವರ್ ಆ್ಯಂಪ್ ಒಡೆದ ನಂತರ ಸದ್ದು ತಗ್ಗಿಸುವ ಕಾರಣ ಪ್ಲೆಕ್ಸಿ, ಟ್ವೀಡ್ ಬಗೆಯ ಆ್ಯಂಪುಗಳಿಗೆ ಇದೇ ಸರಿಯಾದ ದಾರಿ.

ಎರಡು ಜಾತಿಯವು ಸಿಗುತ್ತವೆ. ಬರೀ ರೆಸಿಸ್ಟರುಗಳಿರುವುದು ಅಗ್ಗ. ರಿಯಾಕ್ಟಿವ್ ಎನ್ನುವುದರಲ್ಲಿ ಕಾಯಿಲ್, ಕೆಪಾಸಿಟರ್ ಸೇರಿ ನಿಜವಾದ ಸ್ಪೀಕರಿನ ವರ್ತನೆಯನ್ನು ಅನುಕರಿಸುತ್ತವೆ. ವ್ಯತ್ಯಾಸ ಕಿವಿಗೆ ಕೇಳುವಂಥದ್ದೇ. 8 ಓಮ್ ಎಂದು ಬರೆದ ಸ್ಪೀಕರ್ ಎಲ್ಲ ಸ್ವರಗಳಿಗೂ 8 ಓಮ್ ಅಲ್ಲ. 100 ಹರ್ಟ್ಸ್ ಆಸುಪಾಸಿನ ಅನುರಣನದಲ್ಲಿ ಅದು ಹಲವು ಪಟ್ಟು ಏರುತ್ತದೆ, ಮೇಲುಸ್ತರದಲ್ಲಿ ಮತ್ತೆ ಕ್ರಮೇಣ ಏರುತ್ತದೆ. ಟ್ಯೂಬ್ ಆ್ಯಂಪ್ ಈ ಏರಿಳಿತಕ್ಕೆ ಸ್ಪಂದಿಸಿ ಅಲ್ಲಲ್ಲಿ ಹೆಚ್ಚು ವೋಲ್ಟೇಜ್ ಕೊಡುವುದರಿಂದಲೇ ತಳದ ಗುದ್ದು, ಮೇಲಿನ ಹೊಳಪು ಬರುತ್ತದೆ. ಚಪ್ಪಟೆ ರೆಸಿಸ್ಟರಿಗೆ ಜೋಡಿಸಿದಾಗ ಎರಡೂ ಮಾಯ. 6ರಿಂದ 9 ಡೆಸಿಬೆಲ್ ಇಳಿಸಲು ರೆಸಿಸ್ಟರ್ ಪೆಟ್ಟಿಗೆ ಪರವಾಗಿಲ್ಲ. ಅಪಾರ್ಟ್‌ಮೆಂಟಿನಲ್ಲಿ ಬೇಕಾದ 30 ಡೆಸಿಬೆಲ್ಲಿಗೆ ರಿಯಾಕ್ಟಿವ್ ಕೊಳ್ಳುವುದೇ ವಿವೇಕ.

ಕೊಳ್ಳುವ ಮುನ್ನ ಮೂರು ಅಂಕಿ ನೋಡಿ. ಒಂದು, ಓಮ್: ನಿಮ್ಮ ಆ್ಯಂಪಿನ ಸ್ಪೀಕರ್ ಜ್ಯಾಕ್ ಹೇಳುವಷ್ಟೇ ಇರಬೇಕು. ಎರಡು, ವ್ಯಾಟ್: ಆ್ಯಂಪಿನ ದುಪ್ಪಟ್ಟು ಇರಲಿ, ಏಕೆಂದರೆ ಪೂರ್ತಿ ಒಡೆದಾಗ ಆ್ಯಂಪ್ ತನ್ನ ಮೇಲೆ ಬರೆದದ್ದಕ್ಕಿಂತ ಗಣನೀಯವಾಗಿ ಹೆಚ್ಚು ಕೊಡುತ್ತದೆ. ಮೂರು, ಎಷ್ಟು ಡೆಸಿಬೆಲ್ ಇಳಿಸುತ್ತದೆ: 20ಕ್ಕೇ ನಿಲ್ಲುವ ಪೆಟ್ಟಿಗೆಯಲ್ಲಿ ಆ 15 ವ್ಯಾಟಿನ ಆ್ಯಂಪ್ 89 ಡೆಸಿಬೆಲ್ಲಿಗೆ ಬಂದು ನಿಲ್ಲುತ್ತದೆ, ಅದು ಮನೆಯ ಸದ್ದಲ್ಲ.

ಜೋಡಿಸುವ ಕ್ರಮ:

1. ಆ್ಯಂಪ್ ಆಫ್ ಮಾಡಿ. ಕಾಂಬೋ (ಆ್ಯಂಪ್, ಸ್ಪೀಕರ್ ಒಂದೇ ಪೆಟ್ಟಿಗೆಯಲ್ಲಿರುವುದು) ಆದರೆ ಒಳಗಿನ ಸ್ಪೀಕರಿನ ಪ್ಲಗ್ ಅನ್ನು ಆ್ಯಂಪಿನ ಜ್ಯಾಕಿನಿಂದ ಕೀಳಿ.
2. ಆ್ಯಂಪಿನ ಸ್ಪೀಕರ್ ಔಟ್‌ನಿಂದ ಅಟೆನ್ಯುಯೇಟರಿನ ಇನ್‌ಗೆ, ಅದರ ಔಟ್‌ನಿಂದ ಸ್ಪೀಕರಿಗೆ. ಎರಡೂ ಕಡೆ ಸ್ಪೀಕರ್ ಕೇಬಲ್ಲನ್ನೇ ಬಳಸಿ. ಗಿಟಾರ್ ಕೇಬಲ್ ನೋಡಲು ಹಾಗೇ ಇದ್ದರೂ ಒಳಗಿನ ತಂತಿ ತೆಳು. ಬಿಸಿಯಾಗಿ ಕಡಿದರೆ ಆ್ಯಂಪ್ ಲೋಡ್ ಇಲ್ಲದೆ, ಅಂದರೆ ಅದರ ಶಕ್ತಿ ಹೀರುವ ಸ್ಪೀಕರ್ ಅಥವಾ ಪೆಟ್ಟಿಗೆ ಇಲ್ಲದೆ, ಉಳಿಯುತ್ತದೆ.
3. ಅಟೆನ್ಯುಯೇಟರನ್ನು ಅತಿ ಹೆಚ್ಚು ತಗ್ಗಿಸುವ ಸ್ಥಾನಕ್ಕೆ, ಆ್ಯಂಪಿನ ವಾಲ್ಯೂಮ್ ಸೊನ್ನೆಗೆ.
4. ಆ್ಯಂಪ್ ಹಾಕಿ ಒಂದು ನಿಮಿಷ ಬಿಟ್ಟು ಸ್ಟ್ಯಾಂಡ್‌ಬೈ ತೆಗೆಯಿರಿ.
5. ನುಡಿಸುತ್ತ ವಾಲ್ಯೂಮ್ ಏರಿಸಿ. ಹೆಚ್ಚಿನ ಆ್ಯಂಪುಗಳು ಐದರಿಂದ ಏಳರ ನಡುವೆ ಅತ್ಯುತ್ತಮ. ಹತ್ತರಲ್ಲಿ ಬೇಸ್ ಸಡಿಲಗೊಂಡು ಕಲಸುತ್ತದೆ.
6. ಈಗ ಅಟೆನ್ಯುಯೇಟರನ್ನು ಬೇಕಾದ ಸದ್ದಿಗೆ ತಂದು, ಇಕ್ಯೂವನ್ನು ಮತ್ತೊಮ್ಮೆ ಹೊಂದಿಸಿ.

ಲೋಡ್ ಇಲ್ಲದೆ ಟ್ಯೂಬ್ ಆ್ಯಂಪನ್ನು ನುಡಿಸುವುದು ಅತಿ ದೊಡ್ಡ ಅಪಾಯ. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ತುಂಬಿದ ಶಕ್ತಿಗೆ ಹೋಗಲು ದಾರಿಯಿಲ್ಲದಾಗ ಪ್ರೈಮರಿ ಕಡೆ ಭಾರಿ ವೋಲ್ಟೇಜ್ ಎದ್ದು ಟ್ಯೂಬಿನ ಸಾಕೆಟ್ ಸುಡಬಹುದು, ಟ್ರಾನ್ಸ್‌ಫಾರ್ಮರೇ ಹೋಗಬಹುದು. ಟ್ರಾನ್ಸಿಸ್ಟರ್ ಆ್ಯಂಪಿಗೆ ಈ ತೊಂದರೆಯಿಲ್ಲದ್ದರಿಂದ ಅದರಿಂದ ಬಂದವರು ಇದನ್ನು ಮರೆಯುತ್ತಾರೆ. ಆ್ಯಂಪ್ ಆನ್ ಇರುವಾಗ ಸ್ಪೀಕರ್ ಕೇಬಲ್ ಕೀಳಬೇಡಿ.

15 ಡೆಸಿಬೆಲ್ ದಾಟಿದ ಮೇಲೆ ಎಂಥ ಅಟೆನ್ಯುಯೇಟರಿನಲ್ಲೂ ಸ್ಪರ್ಶ ಬದಲಾದಂತೆ ಅನಿಸುತ್ತದೆ. ಅದರಲ್ಲಿ ಪೆಟ್ಟಿಗೆಯ ಪಾಲು ಸ್ವಲ್ಪ. ಉಳಿದದ್ದು ಕಿವಿಯ ಸ್ವಭಾವ, ಕೋನ್ ಅಲುಗದಿರುವುದು. ಟ್ರೆಬಲ್, ಪ್ರೆಸೆನ್ಸ್ ಒಂದೊಂದು ಅಂಕಿ ಏರಿಸಿದರೆ ಬಹುಪಾಲು ಸರಿಹೋಗುತ್ತದೆ.

ಲೋಡ್ ಬಾಕ್ಸ್, ಐಆರ್ ಮತ್ತು ಹೆಡ್‌ಫೋನ್

ರಾತ್ರಿ ಹತ್ತರ ಮೇಲೆ ನುಡಿಸುವವರಿಗೆ ಇದೇ ಮಾರ್ಗ, ಬೇರೆಲ್ಲವೂ ರಾಜಿ. ಸ್ಪೀಕರ್ ಬದಲು ರಿಯಾಕ್ಟಿವ್ ಲೋಡ್ ಬಾಕ್ಸಿಗೆ ಆ್ಯಂಪ್ ಜೋಡಿಸಿ, ಅದರ ಲೈನ್ ಔಟ್ ಅನ್ನು ಆಡಿಯೊ ಇಂಟರ್‌ಫೇಸಿಗೆ ಕೊಟ್ಟು, ಕಂಪ್ಯೂಟರಿನಲ್ಲಿ ಐಆರ್ ಹಾಕಿ ಹೆಡ್‌ಫೋನಿನಲ್ಲಿ ಕೇಳುವುದು. ಐಆರ್ ಎಂದರೆ ಒಂದು ಕ್ಯಾಬಿನೆಟ್ ಮತ್ತು ಅದರ ಮುಂದಿಟ್ಟ ಮೈಕಿನ ಒಟ್ಟು ಸ್ವರಛಾಯೆಯ ದಾಖಲೆ, ಒಂದು ಪುಟ್ಟ ಆಡಿಯೊ ಫೈಲ್. ಅದಿಲ್ಲದೆ ಲೈನ್ ಔಟ್ ನೇರ ಕೇಳಿದರೆ ಜೇನುಹುಳುಗಳ ಗೂಡು ಕೆದಕಿದ ಹಾಗಿರುತ್ತದೆ. ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಸ್ ಮೇಲಿನದನ್ನು ತಾನಾಗಿ ಕತ್ತರಿಸುತ್ತದೆ, ಇಲ್ಲಿ ಆ ಕತ್ತರಿ ಇಲ್ಲ.

ಮೊದಲಿಗೆ, ನಿಮ್ಮ ಪೆಟ್ಟಿಗೆಯಲ್ಲಿ ನಿಜವಾಗಿ ಲೋಡ್ ಇದೆಯೇ ನೋಡಿಕೊಳ್ಳಿ. ಸ್ಪೀಕರ್ ಸಿಗ್ನಲ್ಲನ್ನು ಕದ್ದು ಕೊಡುವ ಕೆಲವು ಡಿಐ (ಡೈರೆಕ್ಟ್ ಇನ್‌ಜೆಕ್ಷನ್) ಪೆಟ್ಟಿಗೆಗಳಲ್ಲಿ ಲೋಡ್ ಇರುವುದಿಲ್ಲ, ಅವಕ್ಕೆ ಕ್ಯಾಬಿನೆಟ್ ಜೋಡಿಸಿರಲೇಬೇಕು. ಆಮೇಲೆ ಇಂಟರ್‌ಫೇಸಿನ ಇನ್‌ಪುಟ್ಟನ್ನು ಲೈನ್‌ಗೆ ಇಡಿ. ಇನ್ಸ್‌ಟ್ರುಮೆಂಟ್ ಸ್ಥಾನದಲ್ಲಿಟ್ಟರೆ ಅಲ್ಲೇ ಒಡೆದು ಕೆಟ್ಟ ಡಿಜಿಟಲ್ ಕರ್ಕಶ ಬರುತ್ತದೆ, ಅದನ್ನು ಆ್ಯಂಪಿನದೆಂದು ತಪ್ಪು ತಿಳಿಯುತ್ತೀರಿ. ಮೈಕಿಗೆ ವಿದ್ಯುತ್ ಕೊಡುವ 48 ವೋಲ್ಟ್ ಫ್ಯಾಂಟಮ್ ಅನ್ನು ಆಫ್ ಮಾಡಿ. ಅತಿ ಗಟ್ಟಿಯಾಗಿ ಮೀಟಿದಾಗ ಮೀಟರ್ ಮೈನಸ್ 12ರ ಹತ್ತಿರ ಇರಲಿ.

48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ ಎಂದರೆ ಒಂದು ಕಡೆಗೆ 2.7 ಮಿಲಿಸೆಕೆಂಡ್. ಹೋಗಿಬರುವ ಒಟ್ಟು ವಿಳಂಬ ಅದರ ದುಪ್ಪಟ್ಟಿಗಿಂತ ತುಸು ಹೆಚ್ಚು. 10 ಮಿಲಿಸೆಕೆಂಡ್ ದಾಟಿದರೆ ಬೆರಳಿಗೆ ಗೊತ್ತಾಗುತ್ತದೆ, ಆಗ 64ಕ್ಕೆ ಇಳಿಸಿ. ಕಂಪ್ಯೂಟರ್ ಪಟಪಟ ಎಂದರೆ ಬೇರೆ ಕಾರ್ಯಕ್ರಮಗಳನ್ನು ಮುಚ್ಚಿ. ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ ಆಫ್ ಆಗಿರಬೇಕು, ಇಲ್ಲವಾದರೆ ಐಆರ್ ಇಲ್ಲದ ಕಚ್ಚಾ ಧ್ವನಿ ಅದರ ಮೇಲೆ ಬೆರೆಯುತ್ತದೆ. ಲೋಡ್ ಬಾಕ್ಸಿನಲ್ಲೇ ಕ್ಯಾಬ್ ಅನುಕರಣೆ ಇದ್ದರೆ ಅದನ್ನೋ ಕಂಪ್ಯೂಟರಿನದನ್ನೋ ಒಂದನ್ನು ಮಾತ್ರ ಬಳಸಿ. ಎರಡೂ ಒಟ್ಟಿಗಿದ್ದರೆ ಧ್ವನಿ ಕಂಬಳಿ ಹೊದ್ದಂತಾಗುತ್ತದೆ.

ಐಆರ್ ಆಯ್ಕೆಯಲ್ಲಿ ಸಮಯ ಕಳೆಯುವುದು ಸಾರ್ಥಕ, ಆ್ಯಂಪಿನ ಯಾವ ಗುಂಡಿಗಿಂತಲೂ ಇದರ ಪ್ರಭಾವ ಹೆಚ್ಚು. ನಿಮ್ಮ ಆ್ಯಂಪಿಗೆ ಸಹಜವಾದ ಸ್ಪೀಕರಿನ ಐಆರ್‌ನಿಂದ ಶುರುಮಾಡಿ: ಪ್ಲೆಕ್ಸಿ ಮಾದರಿಗೆ ಗ್ರೀನ್‌ಬ್ಯಾಕ್, ವಾಕ್ಸ್ ಎಸಿ30 ಮಾದರಿಗೆ ಸೆಲೆಸ್ಟಿಯನ್ ಬ್ಲೂ. ನಂತರ 80 ಹರ್ಟ್ಸ್ ಕೆಳಗೆ, 7 ಕಿಲೋಹರ್ಟ್ಸ್ ಮೇಲೆ ಕತ್ತರಿಸಿ. ಇದು ಮೈಕಿನ ಕಿವಿಯಲ್ಲಿ ಕೇಳಿದ ಧ್ವನಿಯಾದ್ದರಿಂದ ಕೋಣೆಯಲ್ಲಿ ನಿಂತು ಕೇಳಿದ ಹಾಗಿರುವುದಿಲ್ಲ. ಸಣ್ಣ ಸ್ಟೀರಿಯೊ ರೂಮ್ ರಿವರ್ಬ್ ಸೇರಿಸಿದರೆ ಆ ದೂರ ಬಹಳ ಮಟ್ಟಿಗೆ ತುಂಬುತ್ತದೆ.

ಸ್ಪೀಕರ್ ಮತ್ತು ಇತರ ಸಣ್ಣ ಉಪಾಯಗಳು

100 ಡೆಸಿಬೆಲ್ ಸ್ಪೀಕರ್ ತೆಗೆದು 94ರದ್ದು ಹಾಕಿದರೆ ಶಕ್ತಿಯನ್ನು ಕಾಲು ಭಾಗಕ್ಕೆ ಇಳಿಸಿದಷ್ಟೇ ಫಲ, ಟ್ಯೂಬಿನ ವರ್ತನೆ ಬದಲಾಗದೆ. ಎಮಿನೆನ್ಸ್ ಕಂಪನಿಯ ಮೇವರಿಕ್, ರೇನ್‌ಮೇಕರ್ ಸ್ಪೀಕರುಗಳಲ್ಲಿ ಹಿಂದಿನ ಗುಂಡಿ ತಿರುಗಿಸಿ 9 ಡೆಸಿಬೆಲ್‌ವರೆಗೆ ಇಳಿಸಬಹುದು. ಟ್ರಯೋಡ್ ಸ್ವಿಚ್ (ಪವರ್ ಟ್ಯೂಬು ಕೆಲಸ ಮಾಡುವ ಬಗೆ ಬದಲಿಸುವ ಸ್ವಿಚ್) ಇರುವ ಆ್ಯಂಪಿನಲ್ಲಿ ಅದು ಶಕ್ತಿಯನ್ನು ಅರ್ಧದಷ್ಟು ಇಳಿಸಿ ಮೇಲುಸ್ತರ ಮೃದು ಮಾಡುತ್ತದೆ. ಟೋನ್ ಇಷ್ಟವಾದರೆ ಬಳಸಿ, ಸದ್ದಿಗಾಗಿ ಅಲ್ಲ. 100 ವ್ಯಾಟಿನ ಆ್ಯಂಪಿನಿಂದ ಎರಡು ಪವರ್ ಟ್ಯೂಬ್ ಕೀಳುವ ಹಳೆಯ ಉಪಾಯವೂ 3 ಡೆಸಿಬೆಲ್ಲಿನದೇ, ಜೊತೆಗೆ ಓಮ್ ಹೊಂದಾಣಿಕೆ ತಪ್ಪಿಸುವ ಅಪಾಯ ಬೇರೆ. ಅದರ ಗೋಜಿಗೆ ಹೋಗಬೇಡಿ.

ಟ್ಯೂಬುಗಳ ಆರೋಗ್ಯ

ಅಟೆನ್ಯುಯೇಟರ್ ಅಥವಾ ಲೋಡ್ ಬಾಕ್ಸಿನೊಡನೆ ಕಿವಿಗೆ ಮೆಲ್ಲಗೆ ಕೇಳಿದರೂ ಆ್ಯಂಪ್ ಪೂರ್ತಿ ದುಡಿಯುತ್ತಿರುತ್ತದೆ. ಪವರ್ ಟ್ಯೂಬುಗಳು ವೇದಿಕೆಯ ಮೇಲಿದ್ದಷ್ಟೇ ಬೇಗ ಸವೆಯುತ್ತವೆ. ಆ್ಯಂಪಿನ ಹಿಂದೆ, ಪೆಟ್ಟಿಗೆಯ ಸುತ್ತ ಒಂದು ಗೇಣು ಗಾಳಿಯಾಡಲು ಬಿಡಿ. ಸದ್ದು ಅಡಗಿಸಲೆಂದು ಆನ್ ಇರುವ ಆ್ಯಂಪಿನ ಮೇಲೆ ಕಂಬಳಿ ಹೊದಿಸಬೇಡಿ. ಫಿಕ್ಸೆಡ್ ಬಯಾಸ್ (ಟ್ಯೂಬಿನಲ್ಲಿ ಸದಾ ಹರಿಯುವ ಕರೆಂಟನ್ನು ಹೊರಗಿನಿಂದ ಹೊಂದಿಸುವ ವ್ಯವಸ್ಥೆ) ಇರುವ ಆ್ಯಂಪಿಗೆ ಹೊಸ ಪವರ್ ಟ್ಯೂಬ್ ಹಾಕಿದಾಗ ಬಯಾಸ್ ಹೊಂದಿಸಬೇಕು, ಪ್ಲೇಟಿನ ಗರಿಷ್ಠ ಮಿತಿಯ 70 ಶೇಕಡ ದಾಟದಂತೆ ಇಡಲು ತಂತ್ರಜ್ಞರಿಗೆ ಹೇಳಿ. ಟ್ಯೂಬಿನ ಲೋಹದ ಪ್ಲೇಟ್ ಕೆಂಪಗೆ ಕಾಯುವುದು ಕಂಡರೆ ಸ್ಟ್ಯಾಂಡ್‌ಬೈಗೂ ಕಾಯದೆ ತಕ್ಷಣ ಆರಿಸಿ. ಸದ್ದು ಸೊರಗುವುದು, ಬೇಸ್ ಜಾಳಾಗುವುದು, ಒಂದು ಸ್ವರಕ್ಕೆ ಮಾತ್ರ ಗಾಜು ಗಿಲಗುಟ್ಟುವುದು ಟ್ಯೂಬ್ ಬದಲಿಸುವ ಕಾಲ ಬಂದಿದೆ ಎನ್ನುವ ಗುರುತುಗಳು. ನಿತ್ಯ ಒಂದೆರಡು ಗಂಟೆ ಲೋಡ್ ಬಾಕ್ಸಿನಲ್ಲಿ ನುಡಿಸುವವರು ಹೊಂದಿಸಿದ ಜೋಡಿ ಪವರ್ ಟ್ಯೂಬುಗಳನ್ನೂ ಆ್ಯಂಪಿನ ಹಿಂದೆ ಬರೆದ ಅಳತೆಯ ಫ್ಯೂಸನ್ನೂ ಮನೆಯಲ್ಲಿ ಇಟ್ಟುಕೊಂಡಿರಲಿ. ಫ್ಯೂಸ್ ಹೋದಾಗ ಹೆಚ್ಚು ಆಂಪಿಯರಿನದು ಹಾಕಿ ಓಡಿಸಬೇಡಿ. ಅದೇ ಅಳತೆಯದು ಮತ್ತೆ ಹೋದರೆ ಮೊದಲು ಅನುಮಾನಿಸಬೇಕಾದದ್ದು ಪವರ್ ಟ್ಯೂಬನ್ನೇ.